ಸ್ವರ ಕೊಡುತ್ತಿದ್ದವರು

ಕಳೆದ ವಾರ ಊರಿನಿಂದ ಬಂದ ನಾದಿನಿಯ ಸೂಟ್‌ಕೇಸಿನಲ್ಲಿ ಕುಚ್ಚಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿಗಳ ನಡುವೆ ಪೇಪರಿನಲ್ಲಿ ಸುತ್ತಿದ ಒಂದು ಹಿಡಿ ಎಲೆ ಇತ್ತು. ಪಲಾವಿಗೆ ಹಾಕುವ ಸರ್ವಸಾಂಬಾರದ ಎಲೆ. ಅರ್ಧ ಬಾಡಿತ್ತು. ವಾಸನೆ ಉಳಿದಿದೆಯೋ ನೋಡೋಣ ಎಂದು ಒಂದನ್ನು ಹರಿದು ಮೂಗಿಗೆ ಹಿಡಿದೆ. ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಎಲ್ಲ ಒಟ್ಟಿಗೇ ಮೂಗಿಗೇರಿದವು. ಅದರ ಹಿಂದೆಯೇ ಆ ಹಳೆಯ ಹೆದರಿಕೆಯೂ ಬಂತು. ಇಷ್ಟು ವರ್ಷವಾದರೂ!

ಆ ವಾಸನೆ ನನಗೆ ಒಬ್ಬರ ಫ್ಲಾಸ್ಕಿನದು. ನಾನು ಆಗ ಇಲ್ಲೇ ಬಹ್ರೇನಿನ ಮನಾಮದ ಒಂದು ಹೋಟೆಲಿನಲ್ಲಿ ಬ್ಯಾಂಕ್ವೆಟ್ ಕೋಆರ್ಡಿನೇಟರ್ ಆಗಿದ್ದೆ. ಹೆಸರು ಕೇಳಿ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಯಾವ ಹಾಲಿಗೆ ಎಷ್ಟು ಕುರ್ಚಿ, ಕೇಕ್ ಬಂತೋ ಇಲ್ಲವೋ, ಹಾಡುವವರಿಗೆ ಊಟ ಕೊಟ್ಟರೋ, ಅವರ ವೀಸಾ ಮುಗಿಯುವುದು ಯಾವಾಗ... ಎಲ್ಲ ನನ್ನ ತಲೆಗೆ. ಹುಟ್ಟಾ ಹೆದರುಪುಕ್ಕಲಿಯಾದ ನನಗೆ ಹೇಳಿ ಮಾಡಿಸಿದಂಥ ಕೆಲಸ. ಹಿದ್ ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗಂಡ, "ಚಿಂತೆ ಮಾಡ್ಲಿಕ್ಕೇ ಸಂಬಳ ಕೊಡ್ತಾರಲ್ಲ ಮಾರಾಯ್ತಿ, ನಿನ್ನಷ್ಟು ಪುಣ್ಯವಂತರು ಯಾರುಂಟು" ಎಂದು ತಮಾಷೆ ಮಾಡುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿತ್ತು. ಏಜೆಂಟನೊಬ್ಬನ ಮೂಲಕ ಜಮೈಕಾದಿಂದ ಮೂವರು ಹಾಡುಗಾರರು ನಮ್ಮ ಹೋಟೆಲಿಗೆ ಬಂದರು. ವಾದ್ಯ ಗೀದ್ಯ ಏನೂ ಇಲ್ಲ, ಬರೀ ಮೂರು ಕಂಠ, ಜೊತೆಗೆ ಬೆರಳಿನ ಚಿಟಿಕೆ. ಅವರ ಹೆಸರುಗಳನ್ನು ಇಲ್ಲಿ ಹೇಳುವುದು ಬೇಡ. ಮನೆಯಲ್ಲಿ ನಾನೂ ಗಂಡನೂ ಅವರಿಗೆ ಬೇರೆಯೇ ಹೆಸರಿಟ್ಟುಕೊಂಡಿದ್ದೆವು. ಎತ್ತರದ ದನಿಯಲ್ಲಿ ಮುಂದೆ ನಿಂತು ಹಾಡುವವರು ಮೇಲ್ದನಿಯವರು. ಬಾವಿಯೊಳಗಿನಿಂದ ಬಂದಂತೆ ಹಾಡುವ ದಡೂತಿ ಮನುಷ್ಯ ಕೆಳದನಿಯವರು. ಇವರಿಬ್ಬರ ಮಧ್ಯೆ ನಿಂತು, ತಾವು ಹಾಡುತ್ತಿದ್ದೇವೆ ಎಂದೇ ಯಾರಿಗೂ ಗೊತ್ತಾಗದ ಹಾಗೆ ಹಾಡುತ್ತಿದ್ದ ಸಪೂರ ಮನುಷ್ಯ ನಡುದನಿಯವರು. ನಾನು ಹೇಳಹೊರಟದ್ದು ಅವರ ವಿಷಯ.

ನಡುದನಿಯವರು ಐವತ್ತರ ಆಸುಪಾಸಿನವರು. ಸರ್ವಸಾಂಬಾರದ ಕಾಯಿಯನ್ನು ಶುಂಠಿಯ ಜೊತೆ ಕುದಿಸಿ ಫ್ಲಾಸ್ಕಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಸ್ಟಾಫ್ ಕ್ಯಾಂಟೀನಿನಲ್ಲಿ ಅದರ ಮುಚ್ಚಳ ತೆಗೆದ ಮೊದಲ ದಿನ ನಾನು, "ಅಯ್ಯೋ, ಇದು ನಮ್ಮ ಹಿತ್ತಿಲಿನ ಮರದ್ದು!" ಎಂದು ಕೂಗಿದ್ದೆ. ಅವರು ಮುಚ್ಚಳದಲ್ಲೇ ನನಗೂ ಸ್ವಲ್ಪ ಬಗ್ಗಿಸಿ ಕೊಟ್ಟು, "ಇರಬಹುದು ತಾಯಿ, ಆದರೆ ಅದರ ತವರುಮನೆ ನಮ್ಮಲ್ಲಿ" ಎಂದರು. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷ್, ಅದೂ ಎಳೆದು ಎಳೆದು ಆಡುವ ಅವರ ಊರಿನ ಇಂಗ್ಲಿಷ್. ನನ್ನ ಕಿವಿಗೆ ಅದು ಹೇಗೆ ಇಳಿಯಿತೋ ಹಾಗೆ ಬರೆಯುತ್ತಿದ್ದೇನೆ. ಅಂದಿನಿಂದ ನಮ್ಮ ನಡುವೆ ಒಂದು ಬಳಕೆ ಬೆಳೆಯಿತು.

ಮೂವರೂ ಒಂದೇ ಊರಿನವರು, ಒಂದೇ ಚರ್ಚಿನಲ್ಲಿ ಚಿಕ್ಕಂದಿನಿಂದ ಹಾಡಿದವರು. ಆ ಚರ್ಚಿನಲ್ಲಿ ಪಿಯಾನೋ ಕೊಳ್ಳುವ ಗತಿ ಇರಲಿಲ್ಲವಂತೆ. ಮುದುಕಿಯೊಬ್ಬಳು ಎದ್ದು ನಿಂತು "ಮ್ಮ್..." ಎಂದು ಗುನುಗುತ್ತಿದ್ದಳಂತೆ, ಎಲ್ಲರೂ ಆ ಸ್ವರ ಹಿಡಿದು ಶುರು ಮಾಡಬೇಕು. ಸ್ವರ ಕೊಟ್ಟ ಮೇಲೆ ಮಾತಿಲ್ಲ. ಅದು ಮೇಲಾಯಿತು, ಕೆಳಗಾಯಿತು ಎಂದು ತಕರಾರು ತೆಗೆದರೆ ದೇವರ ಮುಂದೆಯೇ ಜಗಳವಾಗುತ್ತದೆ ಎಂದು ಆ ಮುದುಕಿ ಮಾಡಿಟ್ಟ ಕಟ್ಟಳೆ. ಅವಳು ತೀರಿಕೊಂಡ ಮೇಲೆ ಸ್ವರ ಕೊಡುವ ಹೊಣೆ ಹುಡುಗ ವಯಸ್ಸಿನ ನಡುದನಿಯವರಿಗೆ ಬಂತು. ಟೂರಿಸ್ಟ್ ಹೋಟೆಲು, ಹಡಗು ಎಂದು ಮೂವರೂ ಊರು ಬಿಟ್ಟು ಅಲೆದರೂ ಆ ಕಟ್ಟಳೆ ಮಾತ್ರ ಅಲುಗಲಿಲ್ಲ. ನಡುದನಿಯವರು ಎಲ್ಲಿ ಗುನುಗುತ್ತಾರೋ ಉಳಿದಿಬ್ಬರೂ ಅಲ್ಲಿಗೇ ಬರಬೇಕು. ಹಾಡು ಮುಗಿದ ಮೇಲೂ ಅದರ ಬಗ್ಗೆ ಚಕಾರ ಎತ್ತುವಂತಿಲ್ಲ.

ನನಗೆ ಇದು ವಿಚಿತ್ರ ಎನಿಸಿತ್ತು. ಕನ್ನಡದವರೆಲ್ಲ ಸೇರುವ ನಮ್ಮ ಶನಿವಾರದ ಭಜನೆಯಲ್ಲಿ ಹಾರ್ಮೋನಿಯಂ ಇರುತ್ತದೆ. ಶ್ರುತಿ ತಪ್ಪಿದರೆ ಪಾಪ ಅದರ ತಲೆಗೆ ಕಟ್ಟಿ ಎಲ್ಲರೂ ಪಾರಾಗುತ್ತೇವೆ. ಅವರಲ್ಲಿ ತಲೆಗೆ ಕಟ್ಟಲು ಮನುಷ್ಯನೇ ಇದ್ದದ್ದು.

ಮೊದಮೊದಲು ಅವರನ್ನು ಲಾಬಿಯ ಕಾಫಿ ಶಾಪಿನ ಮೂಲೆಯಲ್ಲಿ ನಿಲ್ಲಿಸಿದ್ದರು. ಕೇಳುವವರು ಯಾರು? ಲಗೇಜು ಎಳೆದುಕೊಂಡು ಹೋಗುವವರು ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದರು. ಆಮೇಲೆ ಒಂದು ಶುಕ್ರವಾರ ಬ್ರಂಚಿಗೆ ಬರಬೇಕಿದ್ದ ಬ್ಯಾಂಡಿನವರು ಕೈಕೊಟ್ಟಾಗ ಮ್ಯಾನೇಜರ್ ಬೇರೆ ದಾರಿಯಿಲ್ಲದೆ ಇವರನ್ನು ಮೇಲೆ ಕರೆಸಿದರು. ಶುಕ್ರವಾರದ ಬ್ರಂಚ್ ಎಂದರೆ ಇಲ್ಲಿ ಒಂದು ಜಾತ್ರೆಯೇ. ಮಧ್ಯಾಹ್ನದಿಂದ ಸಂಜೆಯವರೆಗೆ ತಟ್ಟೆಗಳ ಸದ್ದು, ಮಕ್ಕಳ ಕೂಗಾಟ, ಒಂದು ಕಡೆ ಇಡೀ ಕುರಿ, ಇನ್ನೊಂದು ಕಡೆ ಚಾಕೊಲೇಟಿನ ಕಾರಂಜಿ. ಆ ಗಲಾಟೆಯಲ್ಲಿ ಇವರು ಹಾಡಲು ನಿಂತರು. ಎರಡನೇ ಹಾಡಿಗೆ ಚಮಚಗಳು ನಿಂತವು. ನಿಜವಾಗಿಯೂ ನಿಂತವು, ನಾನು ಕಂಬದ ಪಕ್ಕದಲ್ಲಿ ನಿಂತು ನೋಡಿದ್ದೇನೆ!

ಅಲ್ಲಿಂದ ಅವರದೇ ಕಾಲ. ಶುಕ್ರವಾರದ ಟೇಬಲಿಗೆ ಸೋಮವಾರವೇ ಫೋನು ಬರುತ್ತಿತ್ತು. ಸೇತುವೆ ದಾಟಿ ಸೌದಿಯಿಂದ ಸಂಸಾರ ಸಮೇತ ಜನ ಬರುತ್ತಿದ್ದರು. ಬುದಯ್ಯದ ಕಡೆ ವಿದೇಶದವರು ಇರುವ ದೊಡ್ಡ ಕಾಂಪೌಂಡುಗಳಲ್ಲಿ ಹುಟ್ಟುಹಬ್ಬವಾದರೆ ಇವರೇ ಬೇಕು. ಹೆದ್ದಾರಿಯ ಪಕ್ಕ ಮೂವರ ಫೋಟೋ ಇರುವ ಬೋರ್ಡು ಎದ್ದಿತು. ಕೆಲಸಕ್ಕೆ ಹೋಗುವಾಗ ಹೋಟೆಲಿನ ಬಸ್ಸಿನಲ್ಲಿ ಎಲ್ಲರೂ ಆ ಬೋರ್ಡು ನೋಡಿ ಕೇಕೆ ಹಾಕುತ್ತಿದ್ದರು. ನಡುದನಿಯವರು ಮಾತ್ರ ತಲೆ ತಗ್ಗಿಸಿ ಕೂರುತ್ತಿದ್ದರು. ಅವರ ಮೊದಲ ಹಾಡು ನನಗೆ ಎಷ್ಟು ಬಾಯಿಪಾಠವಾಗಿತ್ತೆಂದರೆ ಕಂಬದ ಹಿಂದೆ ನಿಂತು ನಾನೂ ಮೆಲ್ಲಗೆ ಜೊತೆಗೆ ಹಾಡುತ್ತಿದ್ದೆ. ಮೇಲ್ದನಿಯವರ ಸಾಲುಗಳು ನನ್ನ ಕಂಠಕ್ಕೆ ಸರಿಯಾಗಿ ಕೂರುತ್ತಿದ್ದವು.

ಹೀಗಿರುವಾಗ ಮ್ಯಾನೇಜರ್ ಒಂದು ಸುದ್ದಿ ತಂದರು. ದುಬೈಯ ದೊಡ್ಡ ಹೋಟೆಲೊಂದು ಇವರನ್ನು ಎರಡು ವರ್ಷಕ್ಕೆ ಕೇಳುತ್ತಿದೆ, ಈದ್ ಮುಗಿದ ಮೇಲೆ ಅಲ್ಲಿಯವರು ಒಂದು ಶುಕ್ರವಾರ ಬಂದು ಕೇಳಿ ತೀರ್ಮಾನ ಮಾಡುತ್ತಾರೆ ಎಂದು. ಮೇಲ್ದನಿಯವರು ನನ್ನ ಮೇಜಿನ ಮುಂದೆಯೇ ಒಂದು ಕುಣಿತ ಕುಣಿದರು. ಕೆಳದನಿಯವರು ಕಣ್ಣೊರೆಸಿಕೊಂಡರು. ಮೂವರೂ ಬೇಕು, ಒಬ್ಬರು ಕಡಿಮೆಯಾದರೂ ಆಗದು ಎಂಬುದು ದುಬೈಯವರ ಷರತ್ತು. ಅದೇನು ಷರತ್ತು ಎಂದು ನಾವೆಲ್ಲ ನಕ್ಕೆವು.

ಅಷ್ಟರಲ್ಲಿ ರಂಜಾನ್ ಬಂತು. ಆ ತಿಂಗಳು ಇಲ್ಲಿನ ಹೋಟೆಲುಗಳಲ್ಲಿ ಹಾಡು ಕುಣಿತ ಇಲ್ಲ. ಹಾಡುಗಾರರೆಲ್ಲ ಸ್ಟಾಫ್ ಕ್ವಾರ್ಟರ್ಸಿನಲ್ಲಿ ನಿದ್ದೆ ಮಾಡಿಕೊಂಡು, ಇಸ್ಪೀಟು ಆಡಿಕೊಂಡು ಇರುತ್ತಾರೆ. ಒಂದು ದಿನ ನಡುದನಿಯವರು ಒಬ್ಬರೇ ನನ್ನ ಆಫೀಸಿಗೆ ಬಂದರು. ಬಾಗಿಲು ಹಾಕಬಹುದೇ ಎಂದು ಕೇಳಿದರು. ಬಾಗಿಲು ಹಾಕಿ ಹೇಳುವಂಥ ಮಾತು ಯಾವತ್ತಾದರೂ ಒಳ್ಳೆಯದಾಗಿರುತ್ತದೆಯೇ?

"ಕಿವಿಯ ಡಾಕ್ಟರು ಯಾರಾದರೂ ಗೊತ್ತಿದ್ದಾರಾ? ಹೋಟೆಲಿನ ಕ್ಲಿನಿಕ್ಕು ಬೇಡ" ಎಂದರು.

ನಮ್ಮ ಶಿರ್ವದ ಕಡೆಯ ಹುಡುಗಿಯೊಬ್ಬಳು ಒಂದು ಆಸ್ಪತ್ರೆಯ ಕಿವಿ ವಿಭಾಗದಲ್ಲಿ ನರ್ಸ್ ಆಗಿದ್ದಳು. ಅವಳಿಗೆ ಹೇಳಿ ನಾನೇ ಕರೆದುಕೊಂಡು ಹೋದೆ. ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಬಹಳ ಹೊತ್ತು ಏನೇನೋ ಪರೀಕ್ಷೆ ಮಾಡಿದರು. ಆಮೇಲೆ ಡಾಕ್ಟರು ಸಾವಕಾಶವಾಗಿ ಹೇಳಿದರು: ಎಡಗಿವಿ ಬಹಳ ಹೋಗಿದೆ, ಬಲಗಿವಿಯೂ ಹೋಗುವ ದಾರಿಯಲ್ಲಿದೆ. ಇನ್ನೊಂದು ಸಂಗತಿಯೂ ಇದೆ. ಒಂದೇ ಸ್ವರ ಎರಡು ಕಿವಿಗೆ ಎರಡು ಥರ ಕೇಳಿಸುತ್ತಿದೆ. ಯಾವುದು ಸರಿ ಎಂದು ಅವರಿಗೇ ಗೊತ್ತಾಗುವುದಿಲ್ಲ. ಔಷಧವಿಲ್ಲ.

ನಡುದನಿಯವರು ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ, ಟೋಪಿ ಹಾಕಿಕೊಂಡು ಹೊರಗೆ ಹೋದರು. ನರ್ಸ್ ಹುಡುಗಿ ನನ್ನ ಕೈ ಹಿಡಿದು, "ಅಕ್ಕಾ, ಡಾಕ್ಟ್ರು ಹೇಳಿದ್ದು ಅವರಿಗೆ ಅರ್ಥ ಆಯ್ತಲ್ಲ? ಎಂತ ಇಷ್ಟು ತಣ್ಣಗಿದ್ದಾರೆ?" ಎಂದಳು. ಅರ್ಥವಾಗಿತ್ತು. ಕಾರಿನಲ್ಲಿ ಕೂತ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಇದು ನಿಮ್ಮಲ್ಲೇ ಇರಲಿ. ಅವರಿಬ್ಬರಿಗೆ ಗೊತ್ತಾದರೆ ನನ್ನನ್ನು ಬಿಟ್ಟು ದುಬೈಗೆ ಹೋಗುವುದಿಲ್ಲ. ನನ್ನನ್ನು ಕರೆದುಕೊಂಡೂ ಹೋಗಲಾರರು. ಎಲ್ಲರಿಗೂ ಮುಗಿದುಹೋಗುತ್ತದೆ."

ನಾನು ಆಯಿತೆಂದೆ. ಮತ್ತೇನು ಹೇಳಲಿ?

ಮನೆಯಲ್ಲಿ ಗಂಡನಿಗೆ ಹೇಳದೆ ಇರಲಾಗಲಿಲ್ಲ. "ಒಂದು ಪೀಪಿ ಇಟ್ಕೊಂಡ್ರೆ ಆಯ್ತಲ್ಲ, ಅದ್ರಲ್ಲಿ ಸ್ವರ ಊದಿದ್ರೆ ಮುಗೀತು. ಇದಕ್ಕೆಂತ ನೀನು ಊಟ ಬಿಡುದು?" ಎಂದರು ಅವರು. ಮಾರನೆಯ ದಿನ ನಾನು ಅದನ್ನೇ ನಡುದನಿಯವರಿಗೆ ಹೇಳಿದೆ. ಅವರು ನನ್ನನ್ನು ನೋಡಿದ ನೋಟ... ತಾಯಿಯ ಫೋಟೋ ತೆಗೆದು ಕ್ಯಾಲೆಂಡರು ತೂಗುಹಾಕಿ ಎಂದು ನಾನು ಹೇಳಿದ ಹಾಗಿತ್ತು. "ಇಷ್ಟು ವರ್ಷ ಇಲ್ಲದ ಪೀಪಿ ಈಗ ಯಾಕೆ ಬಂತು ಎಂದು ಕೇಳಿದರೆ?" ಎಂದರು. ಅದೂ ಸರಿ.

ಈದ್ ಮುಗಿದು ಮೊದಲ ಶುಕ್ರವಾರ ಬಂತು. ನಾನು ಕಂಬದ ಪಕ್ಕದಲ್ಲಿ ನಿಂತೆ. ನಡುದನಿಯವರು ಎಂದಿನಂತೆ ತುಟಿ ಮುಚ್ಚಿ "ಮ್ಮ್" ಎಂದರು. ಮೇಲ್ದನಿಯವರು ಒಂದು ಚೂರು ತಡೆದರು, ಆಮೇಲೆ ಬಾಯಿ ತೆರೆದರು. ಜನ ಚಪ್ಪಾಳೆ ತಟ್ಟಿದರು. ನಾನು ಅಭ್ಯಾಸದಂತೆ ಜೊತೆಗೆ ಗುನುಗಲು ಹೋದೆ, ಕಂಠ ಸಿಕ್ಕಿಕೊಂಡಿತು. ಆ ಸಾಲು ನನಗೆ ಎಟುಕಲೇ ಇಲ್ಲ. ಸ್ವರ ಮೇಲೆ ಹೋಗಿತ್ತು.

ಮುಂದಿನ ವಾರ ಇನ್ನೂ ಮೇಲೆ. ಅದರ ಮುಂದಿನ ವಾರ ಅದಕ್ಕೂ ಮೇಲೆ. ಶುಕ್ರವಾರ ಬಂತೆಂದರೆ ನನಗೆ ಬೆಳಗ್ಗಿನ ದೋಸೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೇಲ್ದನಿಯವರ ಕುತ್ತಿಗೆಯ ನರಗಳು ಉಬ್ಬಿ, ಮುಖ ಕಪ್ಪಿಟ್ಟು, ಕಣ್ಣು ಕೆಂಪಾಗುತ್ತಿತ್ತು. ಆದರೂ ಆ ಮನುಷ್ಯ ಹತ್ತಿದರು, ಕೊಟ್ಟ ಸ್ವರಕ್ಕೇ ಹತ್ತಿದರು. ಕೇಳುವವರಿಗೆ ಅದೇ ಅದ್ಭುತ. "ಎಂಥ ಕಂಠ!" ಎಂದು ಎದ್ದು ನಿಂತು ಕೂಗುತ್ತಿದ್ದರು. ಹಾಡು ಮುಗಿಸಿ ಸರ್ವಿಸ್ ಕಾರಿಡಾರಿಗೆ ಬಂದು ಅವರು ಗೋಡೆಗೆ ಒರಗಿ ಕೆಮ್ಮುವುದನ್ನು ನಾನೊಬ್ಬಳೇ ನೋಡುತ್ತಿದ್ದೆ. ನಡುದನಿಯವರು ತಮ್ಮ ಫ್ಲಾಸ್ಕು ಮುಂದೆ ಹಿಡಿದರೆ ಮೇಲ್ದನಿಯವರು ತೆಗೆದುಕೊಂಡು ಕುಡಿಯುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ನಡುದನಿಯವರೋ ಏನೂ ಅರಿಯದವರಂತೆ ಬೆನ್ನು ತಟ್ಟುತ್ತಿದ್ದರು. ಅರಿಯದವರಂತೆ ಏನು ಬಂತು, ಪಾಪ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಮ್ಮ ಕಿವಿ ಹೋಗುತ್ತಿರುವುದು ಗೊತ್ತಿತ್ತು, ಸ್ವರ ಅಷ್ಟು ಮೇಲೇರಿದ್ದು ಗೊತ್ತಿರಲಿಲ್ಲ. ಅವರಿಗೆ ಹೇಳಬೇಕೆಂದು ನಾನು ಬಾಯಿ ತೆರೆದದ್ದುಂಟು. ಆ ಮುಖ ನೋಡಿದರೆ ಮಾತು ಹೊರಡುತ್ತಿರಲಿಲ್ಲ. ಇನ್ನು ಕೆಲವೇ ವಾರ, ದುಬೈಯವರು ಬಂದು ಕೇಳಿ ಹೋಗಲಿ ಎಂದು ಸುಮ್ಮನಿದ್ದೆ. ದೇವರೇ, ಅಷ್ಟು ದಿನ ಎಳೆದುಬಿಡು ಎಂದು ಬೇಡಿಕೊಂಡಿದ್ದೆ.

ದುಬೈಯವರು ಬಂದರು. ಇಬ್ಬರು, ಸೂಟು ಹಾಕಿದವರು. ಮುಂದಿನ ಟೇಬಲಿನಲ್ಲಿ ಕೂರಿಸಿದೆವು. ಬ್ರಂಚ್ ತುಂಬಿ ತುಳುಕುತ್ತಿತ್ತು. ಮೂವರೂ ಹೊಸ ನೀಲಿ ಕೋಟಿನಲ್ಲಿ ಬಂದು ನಿಂತರು. ನಡುದನಿಯವರು ಸ್ವರ ಕೊಟ್ಟರು. ಅಷ್ಟು ಮೇಲೆ ಅವರು ಯಾವತ್ತೂ ಹೋಗಿರಲಿಲ್ಲ. ಮೇಲ್ದನಿಯವರು ಉಸಿರೆಳೆದು ಬಾಯಿ ತೆರೆದರು. ಬರೀ ಗಾಳಿ ಬಂತು. ಮತ್ತೊಮ್ಮೆ ತೆರೆದರು, ಗಾಳಿಯೇ. ಕೊನೆಗೆ ಅವರು ಕಣ್ಣು ಮುಚ್ಚಿ, ತಾವಾಗಿಯೇ, ಬಹಳ ಕೆಳಗಿನಿಂದ ಹಾಡಲು ಶುರು ಮಾಡಿದರು. ನಡುದನಿಯವರು ತಮ್ಮ ಸ್ವರದಲ್ಲೇ ಉಳಿದರು. ಪಾಪದ ಕೆಳದನಿಯವರು ಇತ್ತ ಹೋಗಲೋ ಅತ್ತ ಹೋಗಲೋ ತಿಳಿಯದೆ ತಡವರಿಸಿದರು. ಮೂರು ಕಂಠ ಮೂರು ದಿಕ್ಕಿಗೆ ಹೋದವು. ಮುಂದಿನ ಟೇಬಲಿನ ಮಗುವೊಂದು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನಕ್ಕಿತು.

ನಡುದನಿಯವರು ಹಾಡಿನ ಮಧ್ಯೆಯೇ ಇಳಿದು ಅಡುಗೆಮನೆಯ ಬಾಗಿಲಿನಿಂದ ಹೊರಗೆ ಹೋದರು. ನಾನು ಹಿಂದೆ ಓಡಿದೆ. ಕಾರಿಡಾರಿನಲ್ಲಿ ಟ್ರಾಲಿಗಳ ನಡುವೆ ನಿಂತು ಅವರು ನಡುಗುತ್ತಿದ್ದರು. "ನನ್ನ ಸ್ವರ ಬೇಡ ಎಂದ. ಅಷ್ಟು ಜನರ ಮುಂದೆ ಬೇಡ ಎಂದುಬಿಟ್ಟ" ಎಂದರು. ಅದನ್ನೇ ಮತ್ತೆ ಮತ್ತೆ ಹೇಳಿದರು. ಹೆಂಡತಿ ಮಕ್ಕಳು ತೀರಿಹೋದ ಸುದ್ದಿ ಬಂದವರನ್ನು ನಾನು ನೋಡಿದ್ದೇನೆ, ಅವರ ಮುಖವೂ ಹಾಗಿರಲಿಲ್ಲ.

ದುಬೈಯವರು ಊಟ ಮುಗಿಸಿ ಮರ್ಯಾದೆಯಿಂದ ಹೋದರು, ಮತ್ತೆ ಫೋನು ಮಾಡಲಿಲ್ಲ. ಒಂದೇ ಕ್ವಾರ್ಟರ್ಸಿನಲ್ಲಿದ್ದ ಮೂವರು ಮೂರು ಕೋಣೆ ಕೇಳಿದರು. ನಡುದನಿಯವರು ಮೇಲ್ದನಿಯವರ ಮುಖ ನೋಡುವುದಿಲ್ಲ ಎಂದರು. ಕೆಳದನಿಯವರು ಇಬ್ಬರ ಬಾಗಿಲಿಗೂ ಅಲೆದಲೆದು ಸಾಕಾಗಿ ನನ್ನ ಮೇಜಿನ ಮುಂದೆ ಬಂದು ಕೂತು, "ಇವರಿಬ್ಬರೂ ಇಲ್ಲದೆ ನಾನು ಏನು ಹಾಡಲಿ? ಗೂಳಿ ಗುಟುರು ಹಾಕಿದ ಹಾಗಿರುತ್ತದೆ" ಎಂದು ನಗಲು ಹೋಗಿ ಅತ್ತುಬಿಟ್ಟರು. ಅಷ್ಟು ದೊಡ್ಡ ಶರೀರ ಅಳುವುದನ್ನು ನೋಡಲಾಗಲಿಲ್ಲ. ಮೂವರೂ ಒಟ್ಟಿಗೆ ಹಾಡದ ಮೇಲೆ ನಮ್ಮ ಹೋಟೆಲಿಗೂ ಅವರು ಬೇಡವಾದರು. ವೀಸಾ ಕ್ಯಾನ್ಸಲ್ ಮಾಡಿಸು, ಊರಿಗೆ ಟಿಕೆಟ್ ತೆಗೆಸು ಎಂದು ಮ್ಯಾನೇಜರ್ ನನಗೇ ಹೇಳಿದರು.

ಸಹಿ ಮಾಡಲು ಮೇಲ್ದನಿಯವರು ಬಂದ ದಿನ ನನಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ಹಾಳಾಗಲಿ, ಇಬ್ಬರು ಗೆಳೆಯರು ಶತ್ರುಗಳಾಗಿ ಒಂದೇ ವಿಮಾನ ಹತ್ತುವುದನ್ನು ಹೇಗೆ ನೋಡುವುದು? "ಅವರ ಮೇಲೆ ಸಿಟ್ಟು ಮಾಡಬೇಡಿ. ಅವರ ಕಿವಿ ಹೋಗಿದೆ. ಬೇಕೆಂದು ಮಾಡಿದ್ದಲ್ಲ" ಎಂದೆ.

ಅವರು ಪೆನ್ನು ಕೆಳಗಿಟ್ಟರು. ಆಗ ಅವರಿಗೆ ದನಿಯೇ ಇರಲಿಲ್ಲ, ಪಿಸುಗುಟ್ಟುತ್ತಿದ್ದರು. ಬಗ್ಗಿ ಕೇಳಬೇಕಾಯಿತು.

"ಗೊತ್ತು" ಎಂದರು. "ರಂಜಾನಿನಲ್ಲಿ ಕೋಣೆಯಲ್ಲಿ ಮೆಲ್ಲಗೆ ಹಾಡಿಕೊಳ್ಳುತ್ತಿದ್ದೆವಲ್ಲ, ಆಗಲೇ ಗೊತ್ತಾಯಿತು."

ಮತ್ತೆ ಯಾಕೆ ಹೇಳಲಿಲ್ಲ? ಯಾಕೆ ಆ ಸ್ವರಕ್ಕೆ ಹೋದಿರಿ ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು: ಅವನಿಗೆ ತನ್ನ ಕಿವಿಯಿಂದ ಹೀಗಾಯಿತು ಎಂದು ಗೊತ್ತಾದರೆ ಜನ್ಮದಲ್ಲಿ ಮತ್ತೆ ಬಾಯಿ ತೆರೆಯುವುದಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಆ ಸಿಟ್ಟಿಗಾದರೂ ಊರಿನ ಚರ್ಚಿನಲ್ಲಿ ಹಾಡುತ್ತಾನೆ. ನನ್ನನ್ನು ಕೆಟ್ಟವನು ಎಂದುಕೊಳ್ಳಲಿ ಬಿಡಿ. ಆ ದಿನ ನಾನು ಅವನ ಸ್ವರ ಬೇಡ ಎಂದದ್ದಲ್ಲ, ನನ್ನಲ್ಲಿ ದನಿ ಉಳಿದಿರಲಿಲ್ಲ. ನೀವು ಹೇಳಬೇಡಿ.

ಈಗ ನೋಡಿ ನನ್ನ ಪಾಡು. ಒಬ್ಬರ ಗುಟ್ಟು ಈ ಕಡೆಯ ಸೆರಗಿನಲ್ಲಿ, ಇನ್ನೊಬ್ಬರದು ಆ ಕಡೆಯ ಸೆರಗಿನಲ್ಲಿ. ಒಂದನ್ನೊಂದು ಮುಟ್ಟಿಸಿದರೆ ಜಗಳ ಮುಗಿಯುತ್ತದೆ. ಆದರೆ ನಡುದನಿಯವರು ಬದುಕಿರುವಷ್ಟು ದಿನ ಗೆಳೆಯನ ದನಿ ತಿಂದವನು ನಾನು ಎಂದು ಕೊರಗುತ್ತಾರೆ. ಮುಟ್ಟಿಸದಿದ್ದರೆ ಹಾಡು ಉಳಿಯಬಹುದು, ಗೆಳೆತನ ಹೋಗುತ್ತದೆ. ಅನ್ನದ ಮುಂದೆ ಕೂತು ನಾನು ಗೋಡೆ ನೋಡುತ್ತಿದ್ದೆ. ಗಂಡ ಈ ಸಲ ತಮಾಷೆ ಮಾಡಲಿಲ್ಲ. "ನಂಗೂ ಗೊತ್ತಾಗುದಿಲ್ಲ ಮಾರಾಯ್ತಿ. ಎಂತ ಮಾಡಿದ್ರೂ ಒಂದು ಕಡೆ ಹೊಡೆತ ಬೀಳ್ತದೆ" ಎಂದರು.

ಹೊರಡುವ ದಿನ ಮಧ್ಯಾಹ್ನ ಪಾಸ್‌ಪೋರ್ಟು ಹಿಡಿದುಕೊಂಡು ನಾನೇ ವ್ಯಾನಿನಲ್ಲಿ ಅವರ ಜೊತೆ ಹೊರಟೆ. ಮೂವರು ಮೂರು ಸಾಲಿನಲ್ಲಿ ಕೂತರು. ನಡುದನಿಯವರು ಕಿಟಕಿಗೆ ಮುಖ ಮಾಡಿದ್ದರು. ಮನಾಮದಿಂದ ಮುಹರ್ರಕ್‌ನ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ? ಸಮುದ್ರದ ಮೇಲಿನ ಆ ರಸ್ತೆ ಹತ್ತಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದುಬಿಡುತ್ತದೆ. ರಸ್ತೆ ಹತ್ತಿದೆವು. ಇಳಿದ ಮೇಲೆ ಲಗೇಜು, ಲೈನು, ಸೀಲು... ಮುಗಿಯಿತು. ಇನ್ನು ಈ ಜನ್ಮದಲ್ಲಿ ಇವರನ್ನು ನೋಡುತ್ತೇನೆಯೇ?

ಹಿಂದಕ್ಕೆ ತಿರುಗಿ, ನಡುದನಿಯವರಿಗೆ ಕೇಳುವ ಹಾಗೆ, ಕಿರುಚಿಯೇ ಹೇಳಿದೆ. ನಡುದನಿಯವರ ಕಿವಿ ಹೋಗಿದೆ, ಅದಕ್ಕೇ ಸ್ವರ ಮೇಲೆ ಹೋದದ್ದು. ಮೇಲ್ದನಿಯವರಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಹಾಡಿದ್ದು. ಆ ದಿನ ಬೇಡ ಎಂದದ್ದಲ್ಲ, ಅವರ ಗಂಟಲು ಹೋಗಿತ್ತು. ಇಬ್ಬರೂ ಹೇಳಬೇಡ ಎಂದಿರಿ. ನನ್ನಿಂದ ಆಗುವುದಿಲ್ಲ, ನನ್ನ ತಲೆ ಒಡೆದುಹೋಗುತ್ತದೆ! ಎಂದು ಅಳುತ್ತಾ ಕೂಗಿದೆ. ಡ್ರೈವರ್ ಗಾಬರಿಯಿಂದ ರೇಡಿಯೋ ಆರಿಸಿದ.

ಆಮೇಲೆ ನಡುದನಿಯವರು ಕಿಟಕಿ ಬಿಟ್ಟು ಹಿಂದಕ್ಕೆ ತಿರುಗಿದರು.

"ಯಾವಾಗಿಂದ ಗೊತ್ತು ನಿನಗೆ?"

"ರಂಜಾನಿನಿಂದ." ಮೇಲ್ದನಿಯವರ ಪಿಸುಮಾತು ಅವರಿಗೆ ಕೇಳಿಸಲಿಲ್ಲ. ನಾನು ಜೋರಾಗಿ ಹೇಳಿದೆ.

"ಗೊತ್ತಿದ್ದೂ ಅಷ್ಟು ಮೇಲೆ ಹೋದೆಯಾ, ಮೂರ್ಖ?"

ಮೇಲ್ದನಿಯವರು ಸೀಟಿನ ಮೇಲೆ ಬಗ್ಗಿ, ಅವರ ಬಲಗಿವಿಯ ಹತ್ತಿರ ಬಾಯಿ ತಂದು, ಉಳಿದಿದ್ದ ದನಿಯಲ್ಲಿ ಹೇಳಿದರು. "ಸ್ವರ ಕೊಟ್ಟದ್ದು ನೀನಲ್ಲವಾ?"

ನಡುದನಿಯವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಕೆಳದನಿಯವರು ಎದ್ದು ಬಂದು ಅವರ ಪಕ್ಕ ಕೂತರು, ಸೀಟು ಸಾಲದೆ ಅರ್ಧ ಹೊರಗೇ ಕೂತರು. ಏರ್‌ಪೋರ್ಟಿನಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡದ್ದನ್ನಾಗಲೀ ನಕ್ಕದ್ದನ್ನಾಗಲೀ ನಾನು ನೋಡಲಿಲ್ಲ. ಮೂವರೂ ಒಂದೇ ಟ್ರಾಲಿಗೆ ಲಗೇಜು ಹಾಕಿದರು, ಅಷ್ಟೇ. ನಡುದನಿಯವರು ಹೋಗುವ ಮುಂಚೆ ನನ್ನ ತಲೆಯ ಮೇಲೆ ಕೈಯಿಟ್ಟರು. ಬೈದರೋ ಹರಸಿದರೋ... ಏನೋ ಹೇಳಿದರು, ಗದ್ದಲದಲ್ಲಿ ನನಗೆ ತಿಳಿಯಲಿಲ್ಲ.

ಮೇಲ್ದನಿಯವರು ಕೊಟ್ಟ ಫೋನ್ ನಂಬರು ನನ್ನ ಹತ್ತಿರ ಇತ್ತು. ಮೊದಲ ವರ್ಷ ಒಮ್ಮೆ ಮಾತಾಡಿದ್ದೆ, ಮೂವರೂ ಕ್ಷೇಮ ಎಂದಿದ್ದರು. ಆಮೇಲೆ ಮಗಳ ಸ್ಕೂಲು, ಹೋಟೆಲು ಬಿಟ್ಟು ಬೇರೆ ಕೆಲಸ, ಗಂಡನ ಶುಗರು ಎಂದು ವರ್ಷಗಳು ಉರುಳಿದವು. ಇವೆಲ್ಲ ನೆಪ. ನಡುದನಿಯವರು ಮತ್ತೆ ಹಾಡಿದರಾ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಇಲ್ಲ ಎಂದರೆ ಆ ಮಾತು ಕಟ್ಟಿಕೊಂಡು ಬದುಕುವುದು ಹೇಗೆ ಎಂದು ಹೆದರುತ್ತಿದ್ದೆ.

ಕಳೆದ ವಾರ, ಕೈಗೆ ಆ ವಾಸನೆ ಅಂಟಿರುವಾಗಲೇ, ಗಂಡನಿಗೂ ಹೇಳದೆ ಆ ನಂಬರಿಗೆ ಫೋನು ಮಾಡಿದೆ. ಯಾರೋ ಹೆಂಗಸು ಎತ್ತಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಕೊಟ್ಟಳು. ಅದೇ ಪಿಸುದನಿ, ಒಂದಿಷ್ಟೂ ಸುಧಾರಿಸಿರಲಿಲ್ಲ. ನಾನು ಯಾರೆಂದು ಹೇಳುತ್ತಲೇ, "ಬಹ್ರೇನಿನ ತಾಯಿ!" ಎಂದು ಸಂತೋಷಪಟ್ಟರು. ಆಮೇಲೆ ಹೇಳಿದರು. ನಡುದನಿಯವರು ಹೋಗಿ ಕೆಲವು ತಿಂಗಳಾಯಿತಂತೆ. ನಿದ್ದೆಯಲ್ಲೇ ಹೋದರಂತೆ.

ಕೊನೆಗೆ, ಇಷ್ಟು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ. ಅವರು ಮತ್ತೆ ಹಾಡಿದರಾ?

"ಇಲ್ಲ" ಎಂದರು. "ಒಂದು ಸಾಲೂ ಹಾಡಲಿಲ್ಲ."

ನಾನು ಹೇಳದಿದ್ದರೆ ಹಾಡುತ್ತಿದ್ದರು, ಅಲ್ಲವೇ? ಅದನ್ನು ಕೇಳಬೇಕೆನ್ನುವಷ್ಟರಲ್ಲಿ ಅವರೇ ಮುಂದುವರಿದರು. ಪಿಸುಮಾತಾದ್ದರಿಂದ ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು.

"ಹಾಡಲಿಲ್ಲ. ಆದರೆ ದಿನಾ ಸಂಜೆ ನಮ್ಮ ಜಗಲಿಗೆ ಬರುತ್ತಿದ್ದ. ಒಂದು ದಿನ ತಪ್ಪಿಸಲಿಲ್ಲ. ನನಗೆ ದನಿ ಇಲ್ಲ, ಅವನಿಗೆ ಕಿವಿ ಇಲ್ಲ. ಆದರೂ ನಾವಿಬ್ಬರೂ ಆಡದ ಜಗಳ ಇಲ್ಲ. ಬೀದಿಯವರೆಲ್ಲ ನಿಂತು ನಗುತ್ತಿದ್ದರು." ಒಮ್ಮೆ ಕೆಮ್ಮಿ, "ಈಗ ಸಂಜೆಯಾದರೆ ಏನು ಮಾಡಬೇಕೋ ತಿಳಿಯುವುದಿಲ್ಲ ತಾಯಿ" ಎಂದರು.

ಇಬ್ಬರೂ ಹಾಗೇ ಫೋನು ಹಿಡಿದುಕೊಂಡು ಕೂತಿದ್ದೆವು.